ಜೇಬಿನೊಳಗಿನ ಗೆಣಸು

ನನ್ನ ಹೆಂಡತಿ ಗೌರಿಗೆ ಬಿಸಿಲಲ್ಲೂ ಕೈ ತಣ್ಣಗಿರುತ್ತಿತ್ತು. ಅದೇನು ಮೈಯೋ ಏನು ಕರ್ಮವೋ! ಚಳಿಗಾಲದಲ್ಲಿ ನನ್ನ ರಾಜದೂತ್ ಗಾಡಿಯ ಹಿಂದೆ ಕೂತಳೆಂದರೆ ಸಿಂಧಘಟ್ಟ ದಾಟುವ ಮೊದಲೇ ರಾಗ ಶುರು.

“ಒಸಿ ಮೆಲ್ಲುಕೆ ಓಡ್ಸಿ ಕಣಿ, ಕೈ ಕಳಚ್ಕೊಂಡು ಬೀಳ್ತವೆ.”

“ಅಂಗಾರೆ ಎತ್ತಿನ ಗಾಡೀಲಿ ಬಾ. ಯಾರ್ ಬ್ಯಾಡ ಅಂದೋರು?” ಎಂದು ನಾನು ರೇಗುತ್ತಿದ್ದೆ.

ಕೊನೆಗೆ ದಾರಿ ಹುಡುಕಿದವಳೂ ಅವಳೇ. ನನ್ನ ಖಾಕಿ ಕೋಟಿನ ಎರಡೂ ಜೇಬು ಬಿಚ್ಚಿ, ಒಳಗೆ ಹಳೇ ಕಂಬಳಿಯ ತುಂಡು ಕೊಟ್ಟು ಆಳವಾಗಿ ಹೊಲಿದಳು. ಹೊರಡುವ ಮುಂಚೆ ಆಲೆಮನೆಯ ಒಲೆಬೂದಿಯಲ್ಲಿ ಸುಟ್ಟ ಗೆಣಸನ್ನು ಜೇಬಿಗೊಂದರಂತೆ ಹಾಕಬೇಕು. ಅವಳು ಹಿಂದೆ ಕೂತು ಒಂದು ಕೈ ಆ ಕಡೆಯಿಂದ, ಒಂದು ಕೈ ಈ ಕಡೆಯಿಂದ ಜೇಬಿಗೆ ತೂರಿಸಿ ಗೆಣಸು ಹಿಡಿದುಕೊಳ್ಳುತ್ತಿದ್ದಳು. ನಾನು ಜೋರಾಗಿ ಓಡಿಸಿದರೆ ಎಡಜೇಬಿನ ಒಳಗಿಂದಲೇ ಹೊಟ್ಟೆ ಚಿವುಟುವಳು. ಆಲೆಮನೆಯಲ್ಲಿ ಬೆಂಕಿ ನೋಡುವ ನರಸಯ್ಯ ಗೆಣಸು ಕೊಡುವಾಗೆಲ್ಲ “ಪುಟ್ಸಾಮಣ್ಣ, ಗಾಡಿಗೆ ಪೆಟ್ರೋಲು, ಅಕ್ಕಂಗೆ ಗೆಣಸು” ಎಂದು ನಗುತ್ತಿದ್ದ.

ಅವಳು ಹೋದದ್ದು ಕಾರ್ತೀಕದಲ್ಲಿ, ಚಳಿಜ್ವರ ಬಂದು. ಕೊನೆಗಳಿಗೆಯಲ್ಲಿ ಅವಳ ಕೈ ಉಜ್ಜುತ್ತಲೇ ಕೂತಿದ್ದೆ. ಬೆಚ್ಚಗಾಗಲೇ ಇಲ್ಲ. ಆ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಾದ ಮೇಲೆ ಬಂದ ಮೊದಲನೇ ಧನುರ್ಮಾಸದಲ್ಲಿ ಒಂದು ದಿನ ನಾನೊಬ್ಬನೇ ಪಾಂಡವಪುರಕ್ಕೆ ಹೊರಟಿದ್ದೆ. ಅಭ್ಯಾಸಬಲ ನೋಡಿ, ಆಲೆಮನೆ ಮುಂದೆ ಗಾಡಿ ನಿಲ್ಲಿಸಿದೆ. ನರಸಯ್ಯ ಮಾತಾಡದೆ ಎರಡು ಗೆಣಸು ಕೊಟ್ಟ. ಜೇಬಿಗೆ ಹಾಕಿಕೊಂಡು ಹೊರಟೆ. ನಾಲೆ ಏರಿಯ ತಿರುವಿನಲ್ಲಿ ಮಂಜು ಕವಿದಿತ್ತು. ನಾನು ಜೋರಾಗಿ ಓಡಿಸುತ್ತಿದ್ದೆ. ಎಡಗಡೆ ಹೊಟ್ಟೆಗೆ ಚಿವುಟಿದ ಹಾಗಾಯಿತು.

ನನಗೆ ಹೆದರಿಕೆ ಆಗಲಿಲ್ಲ. ಸಂತೋಷವಾಯಿತು. ಗಾಡಿ ನಿಧಾನ ಮಾಡಿ, “ಆಯ್ತು ಕಣೆ, ಮಾರಾಯ್ತಿ” ಎಂದೆ. ಅಂದಿನಿಂದ ಚಳಿಗಾಲದಲ್ಲಿ ಗೆಣಸಿಲ್ಲದೆ ಗಾಡಿ ಹತ್ತಿದವನಲ್ಲ. ಸಂಜೆ ಮನೆಗೆ ಬಂದು ತಣ್ಣಗಾದ ಗೆಣಸನ್ನು ಎಮ್ಮೆಗೆ ಹಾಕುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚು ಅನ್ನುತ್ತಾರೆ, ಇಲ್ಲವೇ ಮಂತ್ರ ಹಾಕಿಸಿ ಅವಳನ್ನು ಓಡಿಸುತ್ತಾರೆ. ಎರಡೂ ನನಗೆ ಬೇಕಿರಲಿಲ್ಲ.

ನಮಗಿರುವುದು ಒಬ್ಬಳೇ ಮಗಳು, ರಮ್ಯ. ಟೈಪಿಂಗ್ ಕಲಿತಿದ್ದಳು. ಆ ಧನುರ್ಮಾಸದಲ್ಲೇ ಶ್ರೀರಂಗಪಟ್ಟಣದಲ್ಲಿ ಪರೀಕ್ಷೆಗೆ ಕೂತಳು. ನಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದೆ. ಬೆರಳು ಮರಗಟ್ಟಿ ಅರ್ಧ ಪುಟವೂ ಮುಗಿಯದೆ ಫೇಲಾದಳು. ಅವಳ ಸೋದರಮಾವನಿಗೆ ಅಷ್ಟೇ ಸಾಕಾಯಿತು. ನಾಗಮಂಗಲದ ಒಂದು ಸಂಬಂಧ ತಂದ. ರಮ್ಯ ಊಟ ಬಿಟ್ಟು ಅತ್ತಳು. “ಇನ್ನೊಂದ್ಸಲ ಬರೀಲಿ. ಆಗ್ಲೂ ಪಾಸಾಗ್ನಿಲ್ಲ ಅಂದ್ರೆ ನೀನ್ ಹೇಳ್ದಂಗೆ” ಎಂದು ಅವನಿಗೆ ನಾನೇ ಮಾತು ಕೊಟ್ಟುಬಿಟ್ಟೆ.

ಹೀಗೆ ತೊಂಬತ್ತಾರರ ಧನುರ್ಮಾಸದಲ್ಲಿ ಮತ್ತೆ ಪರೀಕ್ಷೆ ಬಂತು. ಬೆಳಗ್ಗೆ ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ನರಸಯ್ಯ ಗೆಣಸು ಕೊಟ್ಟ. ಹೊರಡುವಾಗ ರಮ್ಯನಿಗೆ ಒತ್ತಿ ಹೇಳಿದೆ: “ಜೇಬಿಗೆ ಕೈ ಆಕ್ಕೊಂಡು ಕೂತ್ಕೊ ಮಗ. ಬೆರಳು ಮರಗಟ್ಟಿದ್ರೆ ಗೊತ್ತಲ್ಲ, ನಾಗಮಂಗಲವೇ ಗತಿ.”

ಅವಳು ನನ್ನ ಜೇಬಿನ ಕಡೆ ಒಮ್ಮೆ ನೋಡಿ ಹಿಂದೆ ಹತ್ತಿ ಕೂತಳು.

ಕೃಷ್ಣರಾಜಪೇಟೆ ದಾಟುವಷ್ಟರಲ್ಲಿ ನನ್ನ ಎರಡೂ ಜೇಬು ಭಾರವಾಗಿ ಜಗ್ಗಿದವು. ಮಗಳು ಹೇಳಿದ ಮಾತು ಕೇಳಿದಳಲ್ಲ ಎಂದು ಸಮಾಧಾನವಾಯಿತು. ನಾಲೆ ಏರಿಯ ತಿರುವಿನಲ್ಲಿ ಹೊಟ್ಟೆಗೆ ಚಿವುಟಿದಾಗಲೂ, ಇವಳಿಗೂ ಅವ್ವನ ಬುದ್ಧಿಯೇ ಬಂದಿದೆ ಎಂದು ನಕ್ಕುಬಿಟ್ಟೆ.

ಪಾಂಡವಪುರದ ಹತ್ತಿರ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ರಮ್ಯ ಇಳಿದಳು. ಅವಳ ಕೈ ಎರಡೂ ಅವಳದೇ ಕಂಕುಳಲ್ಲಿದ್ದವು. ಹೊರಗೆ ತೆಗೆದಾಗ ಬೆರಳು ನೀಲಿಗಟ್ಟಿ ಸೆಟೆದಿದ್ದವು. ಟೀ ಲೋಟ ಹಿಡಿಯಲಾರದೆ ಜಾರಿಸಿ ಒಡೆದಳು.

ನನ್ನ ಪಿತ್ತ ನೆತ್ತಿಗೇರಿತು.

“ಜೇಬಿಗೆ ಕೈ ಆಕು ಅಂತ ಬಡ್ಕೊಂಡೆ. ಏನ್ ಧಿಮಾಕೇ ನಿಂಗೆ?”

“ಎಲ್ಲಿಗಪ್ಪ ಆಕನೆ?” ಎಂದಳು. “ಅವ್ವನ ಕೈ ಅವೆ ಅಲ್ಲಿ.”

ಹಾಗಾದರೆ ನನ್ನನ್ನು ಚಿವುಟಿದ್ದು ಇವಳಲ್ಲ.

“ಓದ್ ವರ್ಸ ಆಕಿದ್ದೆ” ಎಂದಳು. “ಒಳಗೆ ಅವ್ವ ಗೆಣಸು ಇಡ್ಕೊಂಡಿದ್ಲು. ಕೈ ಐಸಿನಂಗಿತ್ತು. ನನ್ ಕೈ ಈಚೆ ತಕ್ಕೊಂಬುಟ್ಟೆ. ಎಡೆ ಅಲ್ವಾ ಅದು? ಅವ್ವಂಗೆ ಮಡಗಿದ್ದನ್ನ ನಾನೆಂಗೆ ಮುಟ್ಲಿ?”

“ಎಡೆ ಅಂತ ಯಾರಂದ್ರು?”

“ಸತ್ತೋರಿಗೆ ಮಡಗಿದ್ದು ಎಡೆ ಅಲ್ದೆ ಇನ್ನೇನು? ಪಿತೃಪಕ್ಷದಲ್ಲಿ ಎಡೆ ಮಡಗಿ, ಬಾಗ್ಲಾಕಿ, ಈಚೆ ಕಾಯ್ತೀವಿ. ಆಮೇಲೆ ಕೆಮ್ಮಿ ಬಾಗ್ಲು ತಗ್ದು ಎಡೆ ಎತ್ತಿ ತಿಂತೀವಿ. ಆಗ ಅವ್ರು ಎದ್ದೋಗ್ತಾರೆ. ನೀನು ದಿನಾ ಮಡಗ್ತೀಯ, ಎತ್ತೋದೇ ಇಲ್ಲ. ಎಮ್ಮೆಗೆ ಆಕ್ತೀಯ. ಅವ್ವ ಎಂಗಪ್ಪ ಎದ್ದೋಗ್ತಾಳೆ?”

ಟೀ ಅಂಗಡಿಯವನು ನಮ್ಮನ್ನೇ ನೋಡುತ್ತಿದ್ದ. ನೋಡಿಕೊಂಡು ಹಾಳಾಗಲಿ. ಹೋದ ವರ್ಷ ಮಗಳನ್ನು ಫೇಲು ಮಾಡಿದ್ದು ಚಳಿ ಎಂದುಕೊಂಡಿದ್ದೆ. ಚಳಿಯಲ್ಲ, ಗೌರಿಯನ್ನು ಹಿಡಿದಿಟ್ಟುಕೊಂಡ ನನ್ನ ಆಸೆ. ಅಪ್ಪನ ಖುಷಿ ಕೆಡಬಾರದು ಎಂದು ಈ ಹುಡುಗಿ ಬಾಯಿ ಬಿಡದೆ ಬೆರಳು ಕೊಟ್ಟಿದ್ದಾಳೆ. ಇತ್ತ ಇವಳನ್ನು ಚಳಿಯಲ್ಲಿ ಕೂರಿಸಿ, ಅತ್ತ ಗೌರಿಯನ್ನು ಎದ್ದು ಹೋಗಲು ಬಿಡದೆ, ನಾನೊಬ್ಬ ಬೆಚ್ಚಗಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಗಾಡಿಯ ಪಕ್ಕ ನಿಂತು, ಎಡೆಮನೆ ಬಾಗಿಲು ತೆಗೆಯುವ ಮುಂಚೆ ಕೆಮ್ಮುವಂತೆ ಕೆಮ್ಮಿದೆ.

“ಲೇ ಗೌರಿ” ಎಂದೆ. “ಬೆಚ್ಚಗಾಯ್ತೇನೆ? ಇನ್ನ ಸಾಕು ಕಣೆ. ಮಗೀಗೆ ಜಾಗ ಬುಡು.”

ಜೇಬಿಗೆ ಕೈ ಹಾಕಿದೆ. ತಣ್ಣನೆಯದೊಂದು ನನ್ನ ಬೆರಳು ಹಿಡಿಯಿತು. ಬೇಡ, ಹೋಗಬೇಡ ಅನ್ನಬೇಕೆನ್ನಿಸಿತು. ಬಾಯಿಗೆ ಬಂದ ಮಾತು ನುಂಗಿಕೊಂಡೆ. ಹಿಡಿತ ತಾನಾಗಿ ಸಡಿಲವಾಯಿತು.

ಗೆಣಸು ಇನ್ನೂ ಬಿಸಿಯಿತ್ತು. ಅಪ್ಪ ಮಗಳು ರಸ್ತೆ ಬದಿಯಲ್ಲಿ ನಿಂತು ಸಿಪ್ಪೆ ಸುಲಿದು ಎರಡನ್ನೂ ತಿಂದೆವು. ರಮ್ಯ ಅಳುತ್ತಾ ತಿಂದಳು. ನಾನೂ ಅತ್ತೆ, ನಾಚಿಕೆಯೇನು.

ಅಲ್ಲಿಂದ ಮುಂದಕ್ಕೆ ಅವಳ ಕೈ ನನ್ನ ಜೇಬಿನಲ್ಲಿದ್ದವು. “ಬೆಚ್ಚಗದಾ ಮಗ?” ಎಂದು ಕೇಳಿದೆ. “ಕಂಬಳೀಲಿ ಇನ್ನೂ ಕಾವದೆ ಕಣಪ್ಪ” ಎಂದಳು.

ಪರೀಕ್ಷೆಯ ಕೋಣೆಯ ಹೊರಗೆ ಹುಣಸೆ ಮರದ ಕೆಳಗೆ ಕೂತೆ. ಒಳಗೆ ಮಿಷನ್ನುಗಳೆಲ್ಲ ಒಟ್ಟಿಗೆ ಬಡಿಯತೊಡಗಿದವು. ಯಾವುದು ನನ್ನ ಮಗಳದೋ ತಿಳಿಯಲಿಲ್ಲ, ಯಾವುದೂ ನಿಲ್ಲಲಿಲ್ಲ. ಈಚೆ ಬಂದವಳ ಮುಖ ನೋಡಿದಾಗ ಕೇಳುವುದೇ ಬೇಕಾಗಲಿಲ್ಲ.

“ಪೂರ್ತಿ ಟೈಪ್ ಒಡೆದೆ ಕಣಪ್ಪ. ಕೊನೇ ಸಾಲಿಗೂ ಟೈಮಿತ್ತು.”

ವಾಪಸು ಬರುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿಗೆ ಕೋಟಿನ ಜೇಬುಗಳು ಹಗುರವಾಗಿ ಪಟಪಟ ಅನ್ನುತ್ತಿದ್ದವು. ನಾಲೆ ಏರಿಯ ತಿರುವು ಬಂತು. ಬೇಕೆಂದೇ ಗಾಡಿ ಜೋರು ಮಾಡಿದೆ. ಏನೂ ಆಗಲಿಲ್ಲ. ಇನ್ನೂ ಜೋರು ಮಾಡಿದೆ.

ಯಾರೂ ಚಿವುಟಲಿಲ್ಲ.

ಕಣ್ಣು ಮಂಜಾಗಿ ಗಾಡಿ ನಿಧಾನ ಮಾಡಿದೆ. ಅಷ್ಟು ಬಿಸಿಲಿನಲ್ಲಿ, ರಮ್ಯ ಹಿಂದಿನಿಂದ ತನ್ನ ಎರಡೂ ಕೈ ತಂದು ನನ್ನ ಜೇಬಿನೊಳಗೆ ಇಟ್ಟಳು.