ಇನ್ನೊಂದು ಅಟ್ಟಿ

ಸೀಮೆಸುಣ್ಣ ಬೆರಳಲ್ಲಿ ಪುಡಿಯಾಗುತ್ತಿದೆ, ಹೇಳಬಾರದು ಕಣೇ ಸೌಜನ್ಯ, ಇನ್ನೊಂಚೂರು ಬಾಯಿ ಮುಚ್ಚಿಕೊಂಡಿರು, ಪ್ರಶ್ನೆ ಕೇಳಿದವಳು ನೀನೇ, ಯೋಚಿಸಲಿ ಮಕ್ಕಳು — ಹೊರಗೆ ಕೊಪ್ಪದ ಬಸ್ಸು ಹಾರ್ನ್ ಹೊಡೆದು ಹೋಯಿತು, ಬೋರ್ಡಿನ ಮೇಲೆ ನನ್ನ ಯಂತ್ರ, ಕಂಪ್ಯೂಟರ್ ಪಾಠಕ್ಕಾಗಿ ಕಲ್ಪಿಸಿಕೊಂಡದ್ದು, ಕಬ್ಬಿಣವಿಲ್ಲ, ಕರೆಂಟಿಲ್ಲ, ಬರೀ ನಿಯಮಗಳು, ಅದಕ್ಕೆ ನೆನಪು ಎಂದರೆ ಒಂದೇ ಒಂದು ಅಟ್ಟಿ, ಊಟದ ತಟ್ಟೆ ಪೇರಿಸಿಟ್ಟ ಹಾಗೆ, ಕೆಳಗಿನದು ಬೇಕೆಂದರೆ ಮೇಲಿನದನ್ನು ತೆಗೆದು ಬಿಸಾಡಬೇಕು, ಬಿಸಾಡಿದ್ದು ಮರೆತ ಹಾಗೆಯೇ, ಈ ಮರೆಗುಳಿ ಯಾವ ಲೆಕ್ಕವನ್ನಾದರೂ ಮಾಡುವಂತಾಗಲು ಇದಕ್ಕೆ ಏನು ಕೊಡುತ್ತೀರಿ ಎಂದು ಕೇಳಿಬಿಟ್ಟೆ, ಅದೂ ಇವತ್ತೇ, ಹಿಂದಿನ ಬೆಂಚಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಪರಮೇಶ್ವರಪ್ಪನವರು ಪಠ್ಯಪುಸ್ತಕ ಹಿಡಿದು ಕೂತಿರುವಾಗ, ಈ ಅತಿಥಿ ಉಪನ್ಯಾಸಕಿ ಮುಂದಿನ ವರ್ಷ ಬೇಕೋ ಬೇಡವೋ ಎಂದು ಹೇಳಬೇಕಾದವರು ಅವರೇ, ಮೇಡಂ, ಉತ್ತರ ಹೇಳಿ ಮುಗಿಸಿ ಮಾರಾಯ್ರೆ, ಪೋರ್ಷನ್ ಬಾಕಿ ಇದೆಯಲ್ಲ, ಸ್ವಲ್ಪ ತಾಳಿ ಸರ್, ಇದು ನನ್ನ ದನಿಯೇ, ಉತ್ತರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದೆ, ಹೇಳಿದರೆ ಬರೆದುಕೊಳ್ಳುತ್ತಾರೆ, ಪಾಸೂ ಆಗುತ್ತಾರೆ — ಚಿಕ್ಕಂದಿನ ಶೃಂಗೇರಿಯ ಮನೆಯ ಜಗಲಿ, ವಿಘ್ನೇಶ್ವರ ದೊಡ್ಡಪ್ಪ ತಂದುಕೊಟ್ಟ ಒಗಟು, ಒಂದಕ್ಕೊಂದು ಸಿಕ್ಕಿಕೊಂಡ ಬಗ್ಗಿದ ಮೊಳೆಗಳು, ಬಂತು, ಇನ್ನೇನು ಬಿಡಿಸಿಕೊಂಡು ಬಂತು ಅನ್ನುವಾಗ ಕೊಡು ಇಲ್ಲಿ ಕೂಸೇ, ಎಂತ ಇದು, ಇಷ್ಟೇ ನೋಡು, ಪ್ರೀತಿಯಿಂದಲೇ ಕಸಿದು ಬಿಡಿಸಿಕೊಟ್ಟರು, ಆಮೇಲೆ ಅದನ್ನು ನಾನು ಮುಟ್ಟಲೇ ಇಲ್ಲ, ಹಾಗಾಗಬಾರದು, ಪೋರ್ಷನ್ ಹಾಳಾಗಲಿ, ಕೆಲಸ ಹೋದರೆ ಹೋಗಲಿ, ಅಯ್ಯೋ, ಹೋದರೆ? — ಬೆಂಚು ಕಿರ್ರೆಂದಿತು, ನಿಶ್ಚಿತಾ, ನೆಮ್ಮಾರಿನ ಹುಡುಗಿ, ಹೋದ ಸಲ ಫೇಲಾದವಳು, ಹಾಜರಿಗೆ ಬಿಟ್ಟರೆ ಬಾಯಿ ತೆರೆಯದವಳು ಎದ್ದು ನಿಂತಿದ್ದಾಳೆ, ಮೇಡಂ, ತೆಗೆದದ್ದನ್ನ ಬಿಸಾಡೋದ್ಯಾಕೆ, ಪಕ್ಕದಲ್ಲೇ ಇನ್ನೊಂದು ಅಟ್ಟಿ ಮಾಡಿದ್ರೆ ಆಗಲ್ವಾ? ಹೌದು ಅನ್ನಬೇಡ, ಶಭಾಷ್ ಅನ್ನಬೇಡ, ನಿಶ್ಚಿತಾ, ಆಗತ್ತಾ ಇಲ್ವಾ ನೀನೇ ಮಾಡಿ ತೋರಿಸು.

ಪುಸ್ತಕ ಒಟ್ಟು ಮಾಡುತ್ತಿದ್ದಾಳೆ, ಬೆಂಚಿನಿಂದ ಬೆಂಚಿಗೆ, ಸರ್, ನಿಮ್ಮದೂ ಸ್ವಲ್ಪ ಕೊಡಿ, ಕೊಟ್ಟೇಬಿಟ್ಟರು, ಮೇಜಿನ ಮೇಲೆ ಪೇರಿಸಿದಳು, ಮೇಲಿನದನ್ನು ತೆಗೆದು ಬದಿಗಿಟ್ಟಳು, ಅದರ ಮೇಲೆ ಮತ್ತೊಂದು, ಈ ಅಟ್ಟಿ ಇಳಿಯಿತು, ಆ ಅಟ್ಟಿ ಏರಿತು, ನೋಡಿ ಮೇಡಂ, ಒಂದೂ ಕಳೀಲಿಲ್ಲ, ಎಲ್ಲಿಗೆ ಬೇಕಾದ್ರೂ ಹೋಗಬಹುದು, ಎಷ್ಟು ಸಲ ಬೇಕಾದ್ರೂ ತಿರುಗಿ ಬರಬಹುದು, ಹಂಗಾದ್ರೆ ಇದು ಯಾವ ಲೆಕ್ಕ ಬೇಕಾದ್ರೂ ಮಾಡತ್ತೆ! ಮಾಡುತ್ತದೆ ಮಗಳೇ, ಮನಸ್ಸಿನಲ್ಲೇ ಅನ್ನುತ್ತಿದ್ದೇನೆ, ಜಗತ್ತಿನ ಯಾವ ಕಂಪ್ಯೂಟರು ಮಾಡುವುದನ್ನೂ ಇದು ಮಾಡುತ್ತದೆ, ಯಾರೋ ಎಂದೋ ಸಾಧಿಸಿಟ್ಟದ್ದು, ನೀನು ಈಗ ಎತ್ತಿಡುತ್ತಿರುವ ಸರ್ ಪುಸ್ತಕದ ಒಳಗೇ ಇದೆ, ನಾಳೆ ಹೇಳುತ್ತೇನೆ, ಇವತ್ತು ಇದು ನಿನ್ನದು, ಪೂರ್ತಿ ನಿನ್ನದು — ಪರಮೇಶ್ವರಪ್ಪನವರು ಎದ್ದು ಬರುತ್ತಿದ್ದಾರೆ, ಮುಗಿಯಿತು, ಏ ಹುಡುಗಿ ತಡಿ, ನಡುವಿಂದು ಅಳಿಸಿ ಬೇರೆ ಬರೀಬೇಕಾದ್ರೆ ಎಂತ ಮಾಡ್ತಿ? ಅಲ್ಲಿವರೆಗೆ ಈ ಕಡೆ ದಾಟಿಸೋದು ಸರ್, ಬದಲಾಯಿಸೋದು, ವಾಪಸ್ ತರೋದು, ಅರೆ, ಸರಿ ಇದೆ ಮಾರಾಯ್ತಿ! ತರಗತಿಯೆಲ್ಲ ಎದ್ದು ಮೇಜಿಗೆ ಮುತ್ತಿದೆ, ಸರ್ ನನ್ನ ಕಡೆ ತಿರುಗಿದರು, ಮೇಡಂ, ಮುಂದಿನ ವರ್ಷ ಇದನ್ನ ಶುರುವಿಗೇ ಮಾಡಿಸಿ, ಮುಂದಿನ ವರ್ಷ ಅಂದರಲ್ಲವೇ, ಅಂದರು, ಕಣ್ಣು ಮಂಜಾಗಿದೆ, ಏನೂ ಕಾಣುತ್ತಿಲ್ಲ, ಅವಳ ಕೈ ಮಾತ್ರ, ಒಂದು ಅಟ್ಟಿ ಇಳಿಯುತ್ತದೆ, ಒಂದು ಏರುತ್ತದೆ, ಇಳಿಯುತ್ತದೆ, ಏರುತ್ತದೆ, ಅವಳ ಕೈ —