ಕಂಬಳಿ ಅಜ್ಜ ಯಾಕೆ ನಡೆಯುತ್ತಾನೆ

ಹಿರಿಯೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಹಗಲೆಲ್ಲ ಬೇರೆಯವರ ಲಗ್ನಪತ್ರಿಕೆ ಟೈಪ್ ಮಾಡುವ ಮಮತಾ, ಮನೆಯ ಹೊರಗೆ ಯಾರಿಗೂ ಹೇಳದೆ ಆರು ವರ್ಷದಿಂದ ಕತೆ ಬರೆದು ಬರೆದು ಒಂದು ಸೀಮೆಯನ್ನೇ ಕಟ್ಟಿದ್ದಳು. ಹೆಸರು ಗಾಳಿಸೀಮೆ. ಅಲ್ಲಿ ಬೆಟ್ಟದ ಮೇಲಿನ ಗಾಳಿಕಂಬಗಳು ಒಬ್ಬರಾಡಿದ ಮಾತನ್ನು ನೂರು ಹರದಾರಿ ಆಚೆಗೆ ಮುಟ್ಟಿಸುತ್ತವೆ. ಆದರೆ ಬೆಂಕಿಪೊಟ್ಟಣವನ್ನು ಮಾತ್ರ ಇನ್ನೂ ಯಾರೂ ಕಂಡುಹಿಡಿದಿಲ್ಲ. ಒಲೆ ಹಚ್ಚಬೇಕೆಂದರೆ ಪಕ್ಕದ ಮನೆಯಿಂದ ಕೆಂಡ ತರಬೇಕು. ವೈದ್ಯರು ಒಡೆದ ಎದೆಯನ್ನು ಹೊಲಿದು ಕೊಡುತ್ತಾರೆ, ನೆಗಡಿಗೆ ಮಾತ್ರ ಮಂತ್ರವೇ ಗತಿ.

ಈ ಸೀಮೆಯಲ್ಲಿ ಅರ್ಧ ಪಾಲು ಅವಳ ಅಪ್ಪ ಪಾಲಯ್ಯನದು. ಮಮತಾ ಐದನೇ ಕ್ಲಾಸಿನಲ್ಲಿದ್ದಾಗ ಹಟ್ಟಿಯ ಹಿಂದಿನ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಮೊದಲ ಫ್ಯಾನು ನಿಂತಿತು. ಕುರಿ ಮೇಯಿಸುತ್ತ ಅಪ್ಪ ಮಗಳು ಅದನ್ನು ನೋಡಿ ನೋಡಿ ಕತೆ ಕಟ್ಟಿದರು. ಯಂತ್ರಗಳೆಲ್ಲ ಅವಳವು, ಮಾಟವೆಲ್ಲ ಅವನದು. ಕಂಬಳಿ ಅಜ್ಜನನ್ನು ಕೊಟ್ಟವನೂ ಅವನೇ. ಹೆಗಲ ಮೇಲೆ ಕರಿ ಕಂಬಳಿ ಹೊತ್ತು, ಹತ್ತು ಹಗಲು ನಡೆದು, ಅರಮನೆಗೆ ಸುದ್ದಿ ಮುಟ್ಟಿಸುವ ಮುದುಕ. ಆ ಕಂಬಳಿಯ ಮೇಲೆ ಕೂತವರು ಸುಳ್ಳಾಡಲು ಹೋದರೆ ನಾಲಗೆ ಮೇಲೇಳುವುದಿಲ್ಲ.

ಇದನ್ನು ಪಾಲಯ್ಯ ಆಕಾಶದಿಂದ ಇಳಿಸಿದ್ದಲ್ಲ. ಅವರ ಮನೆಯಲ್ಲಿ ತಲೆತಲಾಂತರದಿಂದ ಕಂಬಳಿಯ ಮೇಲೆ ಕೂತು ಯಾರೂ ಸುಳ್ಳು ಹೇಳಿದವರಿಲ್ಲ. ಹಾಗಂತ ಆ ಮನೆಯವರು ಸುಳ್ಳೇ ಹೇಳುವುದಿಲ್ಲ ಎಂದುಕೊಳ್ಳಬೇಡಿ. ಕುರಿ ವ್ಯಾಪಾರದವರು ಬಂದಾಗ ಪಾಲಯ್ಯ ಅವರಿಗೆ ಕಂಬಳಿ ಹಾಸಿ ಕೂರಿಸಿ, ತಾನು ಹೋಗಿ ಅಂಗಳದ ಕಲ್ಲಿನ ಮೇಲೆ ಕೂರುತ್ತಿದ್ದ.

ಗುರುವಾರ ಚಿತ್ರದುರ್ಗದಿಂದ ಫೋನು ಬಂತು. ಪುಸ್ತಕ ಅಚ್ಚು ಹಾಕುವ ಚಿತ್ರಾ ಮೇಡಂ. ಬರೆದದ್ದನ್ನು ಮಮತಾ ಮೊದಲ ಸಲ ಹೊರಗೆ ಕಳಿಸಿದ್ದು ಇವರಿಗೇ.

"ಮಮತಾ, ಕತೆ ಚೆನ್ನಾಗಿದೆ. ಒಂದೇ ಒಂದು ತೊಡಕು. ಗಾಳಿಕಂಬ ಇದ್ದಮೇಲೆ ಆ ಮುದುಕ ಹತ್ತು ದಿನ ನಡೆದು ಯಾಕೆ ಹೋಗಬೇಕು? ಕೈಯಲ್ಲಿ ಫೋನಿಟ್ಟುಕೊಂಡು ಓಲೆ ಕಳಿಸಿದ ಹಾಗಾಯ್ತು. ಓದೋರು ನಗ್ತಾರೆ. ಒಂದೋ ಕಂಬ ತೆಗೀರಿ, ಇಲ್ಲ ಅಜ್ಜನ್ನ ತೆಗೀರಿ. ಸೋಮವಾರದೊಳಗೆ ಕೊಟ್ರೆ ಈ ಸಲವೇ ಪುಸ್ತಕ ಮಾಡೋಣ."

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಉತ್ತರ ಮಮತಾಳಿಗೆ ತಿಳಿದಿರಲಿಲ್ಲ. ಕಂಬ ತೆಗೆದರೆ ಇಡೀ ಸೀಮೆ ಬೀಳುತ್ತದೆ, ಅಜ್ಜನನ್ನು ತೆಗೆದರೆ ನಲವತ್ತು ಪುಟ ಹೋಗುತ್ತದೆ ಅಷ್ಟೆ. ಎರಡು ದಿನ ಊಟದ ಬಿಡುವಿನಲ್ಲಿ ಕೂತು ಅವಳು ಅಜ್ಜನನ್ನು ಒಂದೊಂದೇ ಸಾಲಾಗಿ ಅಳಿಸಿದಳು. ಮೊದಲು ಕೋಲು ಹೋಯಿತು, ಆಮೇಲೆ ಕೆಮ್ಮು. ಕೊನೆಗೆ ಕಂಬಳಿ. ಪಾಪದ ಹುಡುಗಿ, ಎರಡು ದಿನವೂ ಬುತ್ತಿಯನ್ನು ಬಿಚ್ಚದೆ ಮನೆಗೆ ಒಯ್ದಳು.

ಭಾನುವಾರ ಬಂತು. ಬರೆದದ್ದನ್ನು ವಾರಕ್ಕೊಮ್ಮೆ ಅಪ್ಪನಿಗೆ ಓದಿ ಹೇಳುವ ದಿನ. ಓದು ಬಾರದ ಪಾಲಯ್ಯ ಅಂದು ಕುರಿಗಳನ್ನು ಬೇಗನೆ ರೊಪ್ಪಕ್ಕೆ ಕೂಡಿ, ಕೈಕಾಲು ತೊಳೆದು, ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂತಿದ್ದ. ಒಳಗೆ ಅವ್ವ ನಿಂಗಕ್ಕ ಒಲೆಯ ಮುಂದಿದ್ದಳು. ಮಮತಾ ಅಪ್ಪನ ಎದುರು ಕಂಬಳಿಯ ಮೇಲೆ ಕೂತು, ತಿದ್ದಿದ ಕೊನೆಯ ಅಧ್ಯಾಯ ಓದಿದಳು. ದಂಡು ಗಡಿಗೆ ಬಂತು. ಗಾಳಿಕಂಬದಲ್ಲಿ ಸುದ್ದಿ ಹೋಯಿತು. ರಾಣಿ ಕೇಳಿದಳು, ಯುದ್ಧ ನಿಂತಿತು. ಮೂರೇ ಪುಟ.

ಪಾಲಯ್ಯ ಇನ್ನೂ ಕಾಯುತ್ತಿದ್ದ.

"ಅಜ್ಜ ಇನ್ನೂ ಬರ್ಲಿಲ್ಲಲ್ಲೇ?"

ಮಮತಾ ಹಾಳೆಗಳನ್ನು ಜೋಡಿಸಿದಳು. ಆಮೇಲೆ ನೀರು ಕುಡಿಯುವ ನೆಪದಲ್ಲಿ ಎದ್ದಳು. ನೀರು ಕುಡಿದು ಬಂದವಳು ಕಂಬಳಿಯ ಮೇಲೆ ಕೂರದೆ, ಪಡಸಾಲೆಯ ಕಂಬದ ಪಕ್ಕ ಬರಿ ನೆಲದ ಮೇಲೆ ಕೂತಳು.

"ಅವ್ನು ಮುಂದಿನ ಪುಸ್ತಕ್ದಾಗೆ ಬತ್ತಾನಪ್ಪ. ಅದು ಪೂರಾ ಅವಂದೇ ಕತೆ."

ಪಾಲಯ್ಯ ಮಗಳ ಮುಖ ನೋಡಲಿಲ್ಲ. ಅವಳು ಎದ್ದುಹೋದ ಜಾಗವನ್ನು ನೋಡಿದ. ಅಲ್ಲಿ ಕಂಬಳಿಯ ಉಣ್ಣೆ ಇನ್ನೂ ಅದುಮಿಕೊಂಡಿತ್ತು. ಆಮೇಲೆ ಅವನು ಮಂಡಿ ಹಿಡಿದುಕೊಂಡು ನಿಧಾನಕ್ಕೆ ಸರಿದ. ಒಂದು ಗೇಣು, ಇನ್ನೊಂದು ಗೇಣು. ಪೂರ್ತಿ ನೆಲಕ್ಕಿಳಿದ ಮೇಲೆ ಗೋಡೆಗೆ ಒರಗಿ ಹೇಳಿದ.

"ಒಳ್ಳೇದಾತು ಬುಡು. ಮುದುಕುಂದೇನೈತೆ. ನಂಗೇನೂ ಬೇಜಾರಿಲ್ಲ."

ಒಲೆಯ ಮುಂದಿನಿಂದ ನಿಂಗಕ್ಕ ತಿರುಗಿ ನೋಡಿದಳು. ಕೈಯಲ್ಲಿ ಮುದ್ದೆ ಕೋಲು ಹಾಗೇ ಇತ್ತು.

"ಅಲ್ಲಾ, ಅಪ್ಪ ಮಗಳು ಇಬ್ರೂ ನೆಲುದ ಮ್ಯಾಲೆ ಕುಂತೀರಿ. ಹಂಗಾರೆ ಕಂಬ್ಳಿ ಯಾರಿಗೆ ಹಾಸಿದ್ದು?"

ಮಮತಾಳಿಗೆ ಮೊದಲು ನಗು ಬಂತು, ನಗು ಮುಗಿಯುವ ಮೊದಲೇ ಅಳು ಬಂತು. ಅವಳು ಅಂಬೆಗಾಲಿನಲ್ಲೇ ಹೋಗಿ ಕಂಬಳಿಯ ಮೇಲೆ ಕೂತಳು.

"ನಾನೇ ಅವುನ್ನ ತೆಗುದ್ನಪ್ಪ. ಅವ್ನಿದ್ರೆ ಪುಸ್ತಕ ಆಗಲ್ಲ ಅಂದ್ರು. ಪುಸ್ತಕ ಆಗ್ಲಿ ಅಂತ ಆಸೆ ಬಿದ್ದೆ."

ಪಾಲಯ್ಯನೂ ಕಂಬಳಿಗೆ ಮರಳಿದ. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

"ಬೇಜಾರಾತು ಕಣವ್ವ. ನಾನು ಹೋದ ಮ್ಯಾಕೂ ಅವ್ನು ನಡೀತಿರ್ತಾನೆ ಅನ್ಕಂಡಿದ್ದೆ."

ಮಗಳಿಗೆ ಅಪ್ಪನಿಂದ ಕೇಳಿ ತಿಳಿಯಬೇಕಾದದ್ದು ಒಂದೇ ಒಂದಿತ್ತು, ಅದನ್ನೇ ಅವಳು ಇಷ್ಟು ವರ್ಷ ಕೇಳಿರಲಿಲ್ಲ.

"ಅಲ್ಲಪ್ಪ, ಮಾತು ಮುಟ್ಟಿಸಾಕೆ ಅಷ್ಟು ದೊಡ್ಡ ಕಂಬ ಅವೆ. ಆದ್ರೂ ಅಜ್ಜ ಯಾಕೆ ನಡೀತಾನೆ?"

ಪಾಲಯ್ಯನಿಗೆ ಇಂಥ ಪ್ರಶ್ನೆಯೂ ಇದೆಯೇ ಎಂದು ಆಶ್ಚರ್ಯವಾಯಿತು.

"ಈಗ ನೀನ್ಯಾಕೆ ನೀರು ಕುಡಿಯಾಕೆ ಎದ್ದೆ? ಕಂಬ್ದಾಗೆ ನಿಜಾನೂ ಹೋಗ್ತೈತೆ, ಸುಳ್ಳೂ ಹೋಗ್ತೈತೆ. ಅದುಕ್ಕೇನು ಗೊತ್ತು ಪಾಪ. ದಂಡು ಬರ್ತೈತೆ ಅನ್ನಂಥ ಮಾತುನ್ನ ಯಾರಾದ್ರೂ ಬಂದು ಎದ್ರಿಗೆ ಕುಂತು ಹೇಳ್ಬೇಕಲ್ಲೇನವ್ವ?"

ನಿಂಗಕ್ಕ ಊಟಕ್ಕೆ ಕೂಗಿದಳು. ಅಪ್ಪ ಎದ್ದುಹೋದ. ಮಮತಾ ಏಳಲಿಲ್ಲ. ಮುದ್ದೆ ಆರಿ ಗಟ್ಟಿಯಾಗುವವರೆಗೂ ಅವಳು ಅದೇ ಕಂಬಳಿಯ ಮೇಲೆ ಕೂತು, ಹಾಳೆಗಳ ಬೆನ್ನಿಗೆ ಪೆನ್ನಿನಲ್ಲಿ ಬರೆಯುತ್ತಲೇ ಇದ್ದಳು. ಶತ್ರುಗಳು ಗಾಳಿಕಂಬದಲ್ಲೇ "ದಂಡು ಹಿಂದಿರುಗಿತು" ಎಂದು ಸುಳ್ಳು ಬಿಟ್ಟರು. ರಾಣಿ ಹಬ್ಬಕ್ಕೆ ಅಣಿಯಾದಳು. ಹತ್ತನೇ ದಿನ ಧೂಳು ಕಾಲಿನ ಮುದುಕನೊಬ್ಬ ಸಭೆಯ ನಡುವೆ ಕಂಬಳಿ ಹಾಸಿ, ಕೆಮ್ಮಿ, ಕೂತುಕೊಂಡ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಅವಳು ಗುಡ್ಡ ಹತ್ತಿದಳು. ಹಟ್ಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಫ್ಯಾನಿನ ಬುಡದ ಬಂಡೆಯ ಮೇಲೆ ಸಿಗುತ್ತದೆ. ಅಳಿಸುವ ಮೊದಲಿನ ಪ್ರತಿಯ ಜೊತೆಗೆ ಹೊಸ ಹಾಳೆಗಳ ಫೋಟೋ ಚಿತ್ರಾ ಮೇಡಂಗೆ ಕಳಿಸಿ, ಅಜ್ಜ ಇಲ್ಲದೆ ಈ ಪುಸ್ತಕ ಬೇಡ ಎಂದೂ ಬರೆದಳು. ಕಳಿಸಿದ್ದನ್ನು ಮತ್ತೆ ಮತ್ತೆ ತೆರೆದು ನೋಡಿದಳು. ಆರು ವರ್ಷದ ಕೆಲಸ. ಬೇಡವೆಂದರೆ ಇನ್ನೊಂದು ಬಾಗಿಲು ಅವಳಿಗೆ ಗೊತ್ತಿರಲಿಲ್ಲ. ಬಸ್ಸು ಹೋಯಿತು. ಅವಳು ಅಲ್ಲೇ ಕೂತಿದ್ದಳು. ಒಂಬತ್ತೂವರೆಗೆ ಫೋನು ಬಂತು.

"ಇದನ್ನ ಮೊದಲೇ ಯಾಕೆ ಬರೀಲಿಲ್ಲ ಮಮತಾ? ಅಜ್ಜ ಇರಲಿ. ಈ ತಿಂಗಳೇ ಅಚ್ಚಿಗೆ ಕೊಡ್ತೀನಿ."

ಅವಳು ಗುಡ್ಡ ಇಳಿದದ್ದೋ ಉರುಳಿದ್ದೋ ಅವಳಿಗೇ ಗೊತ್ತಿಲ್ಲ. ರೊಪ್ಪದ ಬಾಗಿಲಲ್ಲಿ ಪಾಲಯ್ಯ ಕುರಿ ಬಿಡುತ್ತಿದ್ದ. ಏದುಸಿರು ಬಿಡುತ್ತ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಕಣ್ಣು ತುಂಬಿಕೊಂಡಿದ್ದರೂ ಮುಖ ಮಾತ್ರ ವ್ಯಾಪಾರಕ್ಕೆ ಕೂತವನ ಹಾಗೆಯೇ ಇಟ್ಟುಕೊಂಡಿದ್ದ.

"ಮೇಡಂನೋರು ಇದುನ್ನ ಫೋನಾಗೆ ಹೇಳಿದ್ರಾ?"

"ಹೂಂ ಕಣಪ್ಪ, ಈಗ್ತಾನೆ!"

ಪಾಲಯ್ಯ ಹೆಗಲ ಮೇಲಿನ ಕಂಬಳಿ ತೆಗೆದು ಧೂಳು ಕೊಡವಿದ.

"ಹಂಗಾರೆ ಒಂದಿನ ಊಟಕ್ಕೆ ಬರ್ರಿ ಅನ್ನು. ಇದುರ ಮ್ಯಾಲೆ ಕುಂತ್ಕಂಡು ಇನ್ನೊಂದ್ಸಲ ಹೇಳ್ಲಿ."