ಆಳೆತ್ತರದ ಹುಲ್ಲು

ದರ್ಜಿಯ ಹೆಂಡತಿ ತೀರಿಕೊಂಡ ದಿನ ಬೆಳಿಗ್ಗೆಯೂ ಹಿತ್ತಲಿನ ಮೇವಿನ ಹುಲ್ಲು ಕೊಯ್ದಿದ್ದಳು. ಅವಳು ಕೊಯ್ದ ಬುಡದಿಂದಲೇ ಹುಲ್ಲು ಮತ್ತೆ ಚಿಗುರಿತು. ನಲವತ್ತು ದಿನಕ್ಕೊಂದು ಕೊಯ್ಲು, ಅದು ಅವಳ ಲೆಕ್ಕ. ನಲವತ್ತು ಕಳೆದು ತೊಂಬತ್ತಾದರೂ ದರ್ಜಿಗೆ ಕುಡುಗೋಲು ಹಿಡಿಯಲು ಕೈ ಬರಲಿಲ್ಲ. ಊರವರ ಬಟ್ಟೆಗೆಲ್ಲ ಮುಲಾಜಿಲ್ಲದೆ ಕತ್ತರಿ ಹಾಕುವ ಮನುಷ್ಯ ಹುಲ್ಲಿನ ಮುಂದೆ ಸೋತುಹೋದ. ಗಬ್ಬದ ಹಸುವಿಗೆ ಒಣಹುಲ್ಲು ಹಾಕಿ ದಿನ ದೂಡಿದ.

"ಬೆಳೀಲಿ ಬಿಡಮ್ಮ," ಎಂದ, ವಿಚಾರಿಸಲು ಬಂದ ಹೆಂಡತಿಯ ತಂಗಿಗೆ. "ಹಸು ಕರು ಹಾಕಿದ ಮೇಲೆ ಕೊಯ್ತೀನಿ. ನಿಮ್ಮಕ್ಕನೇ ಬಾಣಂತಿಗೆ ಅಂತ ಎತ್ತಿಟ್ಟ ಹಾಗಾಗುತ್ತೆ."

"ಹುಲ್ಲೇನು ಪೆಟ್ಟಿಗೇಲಿಡೋ ಬಟ್ಟೆನಾ ಭಾವ, ಎತ್ತಿಡೋಕೆ?"

ದರ್ಜಿ ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದ.

ಹಸು ಹೆಣ್ಣುಕರು ಹಾಕಿತು. ಅವನು ಕಣ್ಣೊರೆಸಿಕೊಂಡು, ತನಗಿಂತ ಎತ್ತರ ಬೆಳೆದಿದ್ದ ಹುಲ್ಲನ್ನು ಒಂದು ಹೊರೆ ಕೊಯ್ದು ತಂದ. ಇಷ್ಟು ಬೆಳೆದದ್ದರಲ್ಲಿ ಸತ್ವವೂ ಅಷ್ಟೇ ಇರುತ್ತದೆಂದು ಪಾಪ, ಮನಸಾರೆ ನಂಬಿದ್ದ. ಹಸು ತುದಿಯ ಎಲೆ ತಿಂದು, ಕೋಲಿನಂತಿದ್ದ ದಂಟನ್ನು ಅಗಿದೂ ಅಗಿದೂ ಸುಸ್ತಾಯಿತು. ಹೊಟ್ಟೆ ಗುಡಾಣದಂತೆ ಉಬ್ಬಿತು, ಕೆಚ್ಚಲು ಮಾತ್ರ ದಿನದಿಂದ ದಿನಕ್ಕೆ ಬತ್ತಿತು. ಕರು ಬರಿಮೊಲೆ ಚೀಪಿ ಚೀಪಿ ನಿತ್ರಾಣವಾಗಿ ಮಲಗಿತು. ದರ್ಜಿ ಇನ್ನೊಂದು ಹೊರೆ ತಂದು ಸುರಿದ.

ಹನ್ನೆರಡನೆಯ ದಿನ ದನದ ಡಾಕ್ಟರು ಬಂದು ಒಂದು ದಂಟು ಮುರಿದು ನೋಡಿದರು.

"ಸೊಂಟದಷ್ಟಿದ್ದಾಗ ಕೊಯ್ದಿದ್ರೆ ಇದು ಮೇವು. ಬಲಿತ ಮೇಲೆ ಬರೀ ನಾರು. ನಿಮ್ಮ ಹಸು ಹೊಟ್ಟೆ ತುಂಬ ತಿಂದು ಉಪವಾಸ ಇದೆ ಕಣ್ರಿ."

"ನಾನು ಅವಳ ನೆನಪಿಗೆ ಅಂತ..." ಎಂದ ದರ್ಜಿ.

ಹಸುವಿಗೆ ಹಿಂಡಿ ಕೊಟ್ಟರು, ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿದರು. ಮೂರನೆಯ ದಿನ ಕರು ಸತ್ತಿತು. ದರ್ಜಿ ಯಾರನ್ನೂ ದೂರಲಿಲ್ಲ. ತಪ್ಪು ತನ್ನದೇ ಎಂದು ಗೊತ್ತಿತ್ತು, ಅದೇ ದೊಡ್ಡ ಸಂಕಟವಾಗಿತ್ತು. ಅಂದೇ ಹಿತ್ತಲಿಗೆ ಹೋಗಿ ಅಷ್ಟೂ ಹುಲ್ಲನ್ನು ಬುಡದವರೆಗೆ ಕೊಯ್ದು ಹಾಕಿದ.

ಸರಿಯಾಗಿ ನಲವತ್ತನೆಯ ದಿನ, ಯಾರೂ ಹೇಳದೆ, ಎಳೆಹುಲ್ಲು ಕೊಯ್ದು ಗೋದಲಿಗೆ ಹಾಕಿದ. ಹಸು ಒಂದೆಸಳೂ ಬಿಡದೆ ತಿಂದಿತು. ಹಿಂಡಿಯ ಬಲದಲ್ಲಿ ಅಷ್ಟಿಷ್ಟು ಹಾಲಿಳಿಸುತ್ತಿದ್ದ ಕೆಚ್ಚಲು ವಾರ ಕಳೆಯುವುದರಲ್ಲಿ ತುಂಬಿ ಬಂತು. ಅವನು ತಂಬಿಗೆ ಹಿಡಿದು ಕುಳಿತರೆ ಹಸು ಕರುವಿನ ಖಾಲಿ ಗೂಟದ ಕಡೆ ಕತ್ತು ತಿರುಗಿಸಿ ಅಂಬಾ ಎಂದು ಕೂಗಿತು.

"ತಡ ಮಾಡಿಬಿಟ್ಟೆ ಕಣೇ," ಎಂದ ದರ್ಜಿ, ಅದರ ಹೊಟ್ಟೆಗೆ ಹಣೆ ಒತ್ತಿ.